ಮರದ ಮೇಡಂ

ಪ್ರಯೋಗಾಲಯದವರೆಲ್ಲ ಆಕೆಯನ್ನು ಕರೆಯುವುದು ‘ಮರದ ಮೇಡಂ’ ಎಂದೇ. ಯಾರ ಮನೆಗೆ ಹೋದರೂ ಮೊದಲು ಮೇಜನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ‘ಇದು ಮರ ಅಲ್ಲ, ಹೊಟ್ಟಿಗೆ ಅಂಟು ಕಲಸಿದ್ದು. ನಿಮಗೆ ಚೆನ್ನಾಗಿ ಟೋಪಿ ಹಾಕಿದಾರೆ’ ಎಂದು ತೀರ್ಪು ಕೊಟ್ಟ ಮೇಲೆಯೇ ಕ್ಷೇಮಸಮಾಚಾರ. ಮರದ ಹೊಟ್ಟನ್ನು ನೀರಿನಲ್ಲಿ ಅರೆದು ಅರೆದು, ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಬಿಡಿಸಿ, ಅದರಿಂದ ಗಾಜಿನಂಥ ಹಾಳೆ ಮಾಡುವುದು ಆಕೆಯ ಕಸುಬು. ‘ಪ್ಲಾಸ್ಟಿಕ್ಕಿಗೆ ಇನ್ನು ಎರಡೇ ವರ್ಷ ಆಯಸ್ಸು’ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದಾಳೆ. ಫ್ರಿಜ್ಜಿನಲ್ಲಿಟ್ಟಿದ್ದ ನಾರಿನ ಗಂಜಿಯನ್ನು ಗಂಡ ಒಮ್ಮೆ ಮೊಸರೆಂದು ಬಡಿಸಿಕೊಂಡಾಗ ಆಕೆ ಕೇಳಿದ್ದು ಒಂದೇ, ‘ಎಷ್ಟು ಚಮಚ ತಿಂದ್ರಿ? ನೋಟ್‌ಬುಕ್ಕಲ್ಲಿ ಬರೀಬೇಕು.’ ‘ಬೇರು ಬಿಟ್ರೆ ಅದನ್ನೂ ಬರಿ’ ಎಂದ ಆತ. ಹಾಳೆಯ ಮಾತು ಶುರುವಾಯಿತೆಂದರೆ ಕೇಳುವವರ ಚಹಾ ಆರಿ ತಣ್ಣಗಾದರೂ ಆಕೆ ನಿಲ್ಲಿಸುವವಳಲ್ಲ. ಮೊನ್ನೆ ಅಪ್ಪನನ್ನು ಮೊದಲ ಸಲ ಪ್ರಯೋಗಾಲಯಕ್ಕೆ ಕರೆತಂದಳು. ಮೂವತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಎದೆತುಂಬ ಕೆಮ್ಮು ತುಂಬಿಕೊಂಡ ಆ ಮುದುಕ, ಹೊಟ್ಟಿನ ಚೀಲ ಕಂಡೊಡನೆ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ಅರೆಯುವ ಯಂತ್ರವನ್ನು ದೂರದಿಂದಲೇ ಬಹಳ ಹೊತ್ತು ನೋಡಿ, ‘ಇಲ್ಲಿ ಧೂಳೇಳಲ್ವೇನಮ್ಮ?’ ಎಂದ. ‘ಇಲ್ಲಪ್ಪ, ಎಲ್ಲ ನೀರಲ್ಲೇ.’ ಆತ ಕರವಸ್ತ್ರ ಮಡಿಚಿ ಜೇಬಿಗಿಟ್ಟು, ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕದಲ್ಲೇ ಕೂತ. ಅಪ್ಪನಿಗೆಂದು ಕೂಡಿಟ್ಟುಕೊಂಡಿದ್ದ ವಿವರಣೆಯನ್ನೆಲ್ಲ ಬಿಟ್ಟು, ಆಕೆಯೂ ಒಂದು ಕುರ್ಚಿ ಎಳೆದುಕೊಂಡು ಆತನ ಪಕ್ಕದಲ್ಲಿ ಕೂತಳು.