ಅತ್ತೆಯ ಹಲ್ಲು, ಸೊಸೆಯ ದವಡೆ

ಬಸ್ ಸ್ಟ್ಯಾಂಡಿನ ಎದುರಿನ ಬಬಲ್ ಟೀ ಅಂಗಡಿ ಸೊಸೆಯದು. ಒಲೆ ಮಾತ್ರ ಅತ್ತೆಯದು. ಹಾಲು, ಚಹಾ, ಐಸು ಯಾರು ಬೇಕಾದರೂ ಬೆರೆಸಬಹುದು. ಲೋಟದ ತಳದಲ್ಲಿ ಕೂರುವ ಮರಗೆಣಸಿನ ಹಿಟ್ಟಿನ ಕಪ್ಪು ಗುಂಡುಗಳನ್ನು ಬೇಯಿಸುವುದಿದೆಯಲ್ಲ, ಅದು ಎಲ್ಲರ ಕೈಗೆ ಹತ್ತುವ ಕೆಲಸವಲ್ಲ. ಒಂದು ಕುದಿ ಕಡಿಮೆಯಾದರೆ ಗೋಲಿ, ಹೆಚ್ಚಾದರೆ ಗಂಜಿ. ಅತ್ತೆ ಪ್ರತಿ ಪಾತ್ರೆಯಿಂದ ಒಂದು ಗುಂಡು ಬಾಯಿಗೆ ಹಾಕಿ ಅಗಿದು, "ಇಳಿಸು" ಎಂದರೆ ಮುಗಿಯಿತು, ಮೇಲೆ ಮಾತಿಲ್ಲ.

ಮಗ ತೀರಿಕೊಂಡ ಮೇಲೆ ಸೊಸೆಗೆ ಹೊರೆಯಾಗಬಾರದೆಂದು ಆಕೆ ಹಿಡಿದ ಒಲೆ ಅದು.

ಈ ವರ್ಷ ಹಲ್ಲುಗಳು ಕೈಕೊಟ್ಟವು. ಹೊಸದಾಗಿ ಕಟ್ಟಿಸಿದವು ನೋಡಲು ಚೆಂದ, ಆದರೆ ಅವಕ್ಕೆ ಕಲ್ಲೂ ಒಂದೇ, ಬೆಣ್ಣೆಯೂ ಒಂದೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಇದಕ್ಕೇ. ಬಾಯಿಬಿಟ್ಟು ಹೇಳಲು ಅತ್ತೆಗೆ ಭಯ. ಒಲೆಯೂ ಹೋದರೆ ಈ ಮನೆಯಲ್ಲಿ ತಾನು ಯಾರು? ಸುಮ್ಮನೆ ಅಗಿದಂತೆ ಮಾಡಿ, ಅಂದಾಜಿನ ಮೇಲೆ ಇಳಿಸತೊಡಗಿದಳು.

ಅಂದಾಜು ಎಷ್ಟು ದಿನ ಬಾಳುತ್ತದೆ? ಒಂದು ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ಲೋಟ ವಾಪಸ್ ತಂದಳು. "ಆಂಟಿ, ಗುಂಡೆಲ್ಲ ಒಳಗೆ ಹಸಿ ಹಸಿ."

ಸೊಸೆ ಅವಳಿಗೆ ಹಣ್ಣಿನ ರಸ ಕೊಟ್ಟು ಕಳಿಸಿದಳು, ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳೇನೋ. ಸೊಂಟದ ಏಪ್ರನ್ ಬಿಚ್ಚಿದಳು.

"ಇನ್ಮೇಲೆ ನೀನೇ ನೋಡ್ಕೋಮ್ಮ. ಈ ಹಲ್ಲಿಗೆ ಏನೂ ತಿಳಿಯಲ್ಲ. ನಾನು ಮನೇಲೇ ಬಿದ್ದಿರ್ತೀನಿ."

"ನಂಗೆ ಮಾತ್ರ ಏನು ತಿಳಿಯುತ್ತೆ ಅತ್ತೆ? ಇಷ್ಟು ದಿನ ನಾನು ಗುಂಡು ನೋಡ್ತಿದ್ನಾ? ನಿಮ್ಮ ಮುಖ ನೋಡ್ತಿದ್ದೆ. ನೀವು ಕಣ್ಣು ಮುಚ್ಚಿದ್ರೆ ಬೆಂದಿದೆ ಅಂತ."

ಸೊಸೆ ಸೌಟಿನಿಂದ ಒಂದು ಗುಂಡೆತ್ತಿ, ಊದಿ ಬಾಯಿಗೆ ಹಾಕಿಕೊಂಡಳು. ಮುಖವನ್ನು ಅತ್ತೆಯ ಮುಂದೆ ತಂದಳು.

"ಈಗ ನೀವು ನನ್ನ ಮುಖ ನೋಡಿ."

ಅತ್ತೆ ನೋಡಿದಳು. ಸೊಸೆಯ ದವಡೆ ಒಮ್ಮೆ ತಡೆದು, ಮತ್ತೆ ಆಡಿತು.

"ಬೆಂದಿದೆ ಅತ್ತೆ."

"ಬೆಂದಿದ್ಯಂತೆ! ಮಧ್ಯದಲ್ಲಿ ಹಲ್ಲು ನಿಂತಿದ್ದು ನಂಗೆ ಕಾಣಲ್ವಾ? ಇನ್ನೂ ಒಂದು ಕುದಿ ಬರಲಿ."

ಸೊಸೆ ನಗುತ್ತ ಏಪ್ರನ್ ಎತ್ತಿಕೊಂಡು, ಅತ್ತೆಯ ಸೊಂಟಕ್ಕೆ ತಾನೇ ಕಟ್ಟಿದಳು. ಕುದಿ ಬಂತು. ಇನ್ನೊಂದು ಗುಂಡು ಸೊಸೆಯ ಬಾಯಿಗೆ ಹೋಯಿತು. ಅತ್ತೆ ಅವಳ ಗಲ್ಲವನ್ನು ಅಂಗೈಯಲ್ಲಿ ಹಿಡಿದು, ಅವಳು ಅಗಿದು ಮುಗಿಸುವವರೆಗೂ ಬಿಡಲಿಲ್ಲ.

"ಇಳಿಸು," ಎಂದಳು.