ಮಗಳ ಮದುವೆಗೆ ತೆರೆಯದ ಬಾಗಿಲು

೧೯೭೭ನೇ ಇಸವಿಯ ಮೇ ತಿಂಗಳು. ನನ್ನ ಹಿರಿಯ ಮಗಳು ಸುಗುಣಾಳ ಮದುವೆ ಗೊತ್ತಾಗಿತ್ತು. ಆಗ ನಾನು ವಾಡಿಯ ಹತ್ತಿರದ ಒಂದು ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದೆ. ಯಾವ ಕಲ್ಲಿಗೆ ಎಲ್ಲಿ ಪೆಟ್ಟು ಹಾಕಿದರೆ ಸೀಳುತ್ತದೆ ಎಂದು ನೋಡಿದ ಕೂಡಲೇ ಹೇಳುತ್ತಿದ್ದೆ. ಮನುಷ್ಯರನ್ನೂ ಹಾಗೇ ಅಳೆಯಬಲ್ಲೆ ಎಂಬ ಜಂಬವಿತ್ತು. ಅದು ಒಂದೇ ದಿನದಲ್ಲಿ ಇಳಿದುಹೋದ ಕಥೆ ಇದು.

ನಾವು ಕ್ರೈಸ್ತರು. ನಮ್ಮ ಪ್ರಾರ್ಥನಾ ಮಂದಿರ ಸಣ್ಣದು. ನಾವೇ ಕಲ್ಲು ಹೊತ್ತು ಕಟ್ಟಿದ್ದು. ಗಣಿಯವರು, ರೈಲ್ವೆಯವರು ಎಲ್ಲ ಸೇರಿ ಮೂವತ್ತು ಮನೆಗಳಿದ್ದೆವು. ಮೊದಲು ಒಂದೇ ಸಭೆ. ಆಮೇಲೆ ದೀಕ್ಷಾಸ್ನಾನದ ಜಗಳ ಹುಟ್ಟಿತು. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸಿ ದೀಕ್ಷೆ ಕೊಡುವ ಪದ್ಧತಿ. ಕೆಲವರು, ಹಾಗಲ್ಲ, ಬುದ್ಧಿ ಬಂದಮೇಲೆ ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು ಎಂದು ಕಾಗಿಣಾ ಹೊಳೆಗೆ ಹೋಗಿ ಮುಳುಗಿ ಬಂದರು. ಊರವರು ನಮಗೆ ತಂಬಿಗಿ ಮಂದಿ ಎಂದೂ ಅವರಿಗೆ ಹೊಳಿ ಮಂದಿ ಎಂದೂ ಹೆಸರಿಟ್ಟರು. ಬೈಬಲಿನಲ್ಲಿ ಪೌಲನು ತನ್ನ ಒಂದು ಪತ್ರದಲ್ಲಿ ಕರ್ತನು ಒಬ್ಬನೇ, ನಂಬಿಕೆ ಒಂದೇ, ದೀಕ್ಷಾಸ್ನಾನ ಒಂದೇ ಎಂದು ಬರೆದಿದ್ದಾನಲ್ಲ, ಆ ಮಾತು ನನಗೆ ಬಾಯಿಪಾಠ. ಅವರಿಗೂ ಬಾಯಿಪಾಠ. ಆ ಒಂದು ನಮ್ಮದೇ, ನಿಮ್ಮದಲ್ಲ ಎಂದು ಎರಡೂ ಕಡೆಯವರು ಅದೇ ಮಾತು ಹೇಳಿ ಜಗಳಾಡುತ್ತಿದ್ದೆವು. ಒಂದಾಗಿರಿ ಎಂದು ಬರೆದದ್ದನ್ನು ಓದಿ ಎರಡಾದ ಜಾಣರು ನಾವು.

ಮಂದಿರ ಮಾತ್ರ ಒಂದೇ. ಭಾನುವಾರ ಎಂಟರಿಂದ ಹತ್ತು ನಮ್ಮ ಪಾಳಿ, ಹತ್ತೂವರೆಯಿಂದ ಅವರದು. ಆದರೂ ನಂಬಿಕೆ ಬೇಡವೇ? ಹಾರ್ಮೋನಿಯಂ ಅವರು ಒಯ್ದಾರು ಎಂದು ನಾವು ಬಾಗಿಲಿಗೆ ಒಂದು ಬೀಗ, ನಮ್ಮ ಕಡೆಯ ಮಾತಿನಲ್ಲಿ ಕೀಲಿ, ಜಡಿದೆವು. ನಾವು ಬಾಗಿಲೇ ತೆಗೆಯದೆ ಹೋದೇವು ಎಂದು ಅವರು ಅದೇ ಬಾಗಿಲಿಗೆ ಮತ್ತೊಂದು ಕೊಂಡಿ ಹಾಕಿಸಿ ತಮ್ಮ ಕೀಲಿ ಜಡಿದರು. ಇಬ್ಬರೂ ಬಂದರಷ್ಟೇ ಬಾಗಿಲು ತೆರೆಯಬೇಕು. ನಮ್ಮ ಕೀಲಿಕೈ ನನ್ನ ಹತ್ತಿರ, ಅವರದು ಗಾರ್ಡ್ ಸಾಮುವೇಲಪ್ಪನವರ ಹತ್ತಿರ. ಅವರು ಮಾಲ್ ಗಾಡಿಯ ಗಾರ್ಡ್, ನನಗಿಂತ ನಾಲ್ಕು ವರ್ಷ ಚಿಕ್ಕವರು. ಐದು ವರ್ಷ ಪ್ರತಿ ಭಾನುವಾರ ಆ ಮೆಟ್ಟಿಲ ಮೇಲೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಿದ್ದೆವು. ಅವರು ಡ್ಯೂಟಿ ಮೇಲಿದ್ದರೆ ಅವರ ಹೆಂಡತಿ ಶಾಂತಮ್ಮ ಬಂದು ತೆಗೆಯುತ್ತಿದ್ದರು. ಮುಖ ನೋಡುವುದಿಲ್ಲ, ಮಾತಿಲ್ಲ. ಕೀಲಿ ತೆಗೆದು ಒಬ್ಬರು ಆ ಕಡೆ, ಒಬ್ಬರು ಈ ಕಡೆ.

ಸಭೆ ಒಂದಾಗಿದ್ದ ಕಾಲದಲ್ಲಿ ಸುಗುಣಾಳಿಗೆ ಭಾನುವಾರದ ಪಾಠ ಹೇಳಿಕೊಟ್ಟವರು ಇದೇ ಸಾಮುವೇಲಪ್ಪನವರು. ಮದುವೆಗೆ ಎಂಟು ದಿನ ಇರುವಾಗ ಅವಳು ಅವರಿಗೆ ಹೇಳಿದಿರಾ ಎಂದು ಕೇಳಿದಳು. ಹೇಳೋಣ ಬಿಡು ಎಂದು ಮಾತು ತೇಲಿಸಿದೆ. ಹೇಳುವ ಮನಸ್ಸು ನನಗಿರಲಿಲ್ಲ. ಚಿತ್ತಾಪುರ, ಶಹಾಬಾದ್, ಕುರಕುಂಟಾದ ನೆಂಟರಿಗೆಲ್ಲ ಓಡಾಡಿ ಹೇಳಿ ಬಂದವನು, ನಮ್ಮದೇ ಸಾಲಿನ ಕೊನೆಯ ಮನೆಗೆ ಹೋಗಲಿಲ್ಲ. ಮದುವೆಯ ದಿನ ಮುಂಜಾನೆ ಹೆಂಡತಿಯನ್ನು ಕಳಿಸಿ ಶಾಂತಮ್ಮನಿಂದ ಕೀಲಿಕೈ ತರಿಸಿದರಾಯಿತು, ಆ ಮನುಷ್ಯನ ಮುಂದೆ ನಿಂತು ಕೇಳುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮದುವೆ ಗುರುವಾರ ಹನ್ನೊಂದಕ್ಕೆ. ಮುಂಜಾನೆ ಹೋದ ಹೆಂಡತಿ ಬರಿಗೈಯಲ್ಲಿ ಬಂದಳು. ಸಾಮುವೇಲಪ್ಪನವರು ನಸುಕಿನಲ್ಲೇ ಮಾಲ್ ಗಾಡಿ ಮೇಲೆ ಸೇಡಂ ಕಡೆ ಹೋಗಿದ್ದರು. ಭಾನುವಾರವಾಗಿದ್ದರೆ ಕೀಲಿಕೈ ಮನೆಯಲ್ಲಿಟ್ಟು ಹೋಗುತ್ತಿದ್ದರು. ಗುರುವಾರವಾದ್ದರಿಂದ ಅದು ಅವರ ಗೊಂಚಲಿನಲ್ಲೇ ಉಳಿದಿತ್ತು. ಶಾಂತಮ್ಮ ಪಾಪ ಕೈ ಹಿಸುಕಿಕೊಂಡು ನಿಂತಿದ್ದರಂತೆ.

ಸ್ಟೇಷನ್ನಿಗೆ ಓಡಿದೆ. ಸ್ಟೇಷನ್ ಮಾಸ್ತರರು ಮುಸ್ಲಿಮರು, ಒಳ್ಳೆಯ ಮನುಷ್ಯ. ನನ್ನ ಮಾತು ಅರ್ಧ ಕೇಳಿಯೇ ಫೋನು ಎತ್ತಿದರು. ಬಹಳ ಹೊತ್ತಿನ ಮೇಲೆ ಸುದ್ದಿ ಬಂತು. ಆ ಗಾಡಿ ಸೇಡಂನಲ್ಲಿ ನಿಂತಿದೆ, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯ ಗಾರ್ಡ್ ಕೈಯಲ್ಲಿ ಕೀಲಿಕೈ ಕೊಟ್ಟು ಕಳಿಸುತ್ತಾರೆ ಎಂದರು. ಆ ಗಾಡಿ ವಾಡಿಗೆ ಬರುವುದು ಮೂರರ ಮೇಲೆ. ಕೀಲಿಕೈ ಯಾತಕ್ಕೆ ಎಂದು ಸಾಮುವೇಲಪ್ಪನವರು ಕೇಳಿದರಾ ಎಂದೆ. ಮಾಸ್ತರರು ನನ್ನ ಮುಖ ನೋಡಿ, "ಮದುವಿಗೆ ಅಂತ ಹೇಳೀನ್ರಿ. ಹೌದೇನು ಅಂದ್ರು, ಅಷ್ಟೇ" ಎಂದರು.

ತಿರುಗಿ ಬರುವಷ್ಟರಲ್ಲಿ ಗಂಡಿನ ಕಡೆಯವರು ಕೊಡ್ಲಿಯಿಂದ ಲಾರಿಯಲ್ಲಿ ಬಂದಿಳಿದಿದ್ದರು. ಗಂಡು ಪ್ರಕಾಶ ಶಾಲೆಯ ಮಾಸ್ತರ, ತಂದೆ ಇಲ್ಲ, ದೊಡ್ಡಪ್ಪನೇ ಯಜಮಾನ. ಹೊಸ ಬಟ್ಟೆ ತೊಟ್ಟ ಐವತ್ತು ಜನ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಬಾಗಿಲು ನೋಡುತ್ತ ನಿಂತಿದ್ದರು. ಮದುವೆ ಮಾಡಿಸಲು ಬಂದ ಪಾದ್ರಿ ಅಯ್ಯನವರು, ಇದನ್ನು ಮಂದಿರದ ಒಳಗೇ ಮಾಡಬೇಕು, ಸಹಿ ಹಾಕುವ ರಿಜಿಸ್ಟರ್ ಕೂಡ ಒಳಗಿನ ಅಲಮಾರಿಯಲ್ಲಿದೆ, ಸಂಜೆ ಏಳು ದಾಟಿದರೆ ಕಾನೂನು ಒಪ್ಪುವುದಿಲ್ಲ ಎಂದುಬಿಟ್ಟರು. ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಿ ಶರಬತ್ತು ಕೊಡಿಸಿದೆ. ಎಷ್ಟು ಶರಬತ್ತು ಕುಡಿದಾರು?

ಹನ್ನೆರಡಾಯಿತು, ಒಂದಾಯಿತು. ಒಂದು ಬಾಗಿಲಿಗೆ ಎರಡು ಕೀಲಿ ಯಾಕೆ ಎಂದು ಬೀಗರ ಕಡೆಯವರು ಕೇಳಿ ತಿಳಿದುಕೊಂಡರು. ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು: "ನೋಡ್ರಿ ಮಾಣಿಕಪ್ಪನವರೆ, ನಿಮ್ಮ ಮಗಳ ಬಗ್ಗೆ ನಮಗೇನೂ ತಕರಾರಿಲ್ಲ. ಆದ್ರ ಇಂಥ ಜಗಳದ ಮನಿ ಅಂತ ನಮಗ ಗೊತ್ತಿದ್ದಿಲ್ಲ. ಮೂರರತನಕ ನೋಡ್ತೀವಿ. ಇಲ್ಲಂದ್ರ ಲಾರಿ ಹತ್ತತೀವಿ."

ಲಾರಿ ಹತ್ತಿ ಹೋದ ಗಂಡಿನವರು ತಿರುಗಿ ಬರುವುದುಂಟೇ? ಸುಗುಣಾ ನಮ್ಮ ಮನೆಯೊಳಗೆ ಬಿಳಿ ಸೀರೆ ಉಟ್ಟು ಮುಂಜಾನೆಯಿಂದ ಕುಳಿತಿದ್ದಳು. ಹೋಗಿ ಬಾಗಿಲಲ್ಲಿ ನಿಂತೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಮತ್ತೆ ನೆಟ್ಟಗೆ ಕುಳಿತಳು. ಅವಳು ಅತ್ತಿದ್ದರೂ ತಡೆದುಕೊಳ್ಳುತ್ತಿದ್ದೆ.

ನಮ್ಮ ಗಣಿಯ ಹುಡುಗರು ಸುತ್ತಿಗೆ, ಉಳಿ ತಂದೇ ಬಿಟ್ಟರು. ಒಂದು ಪೆಟ್ಟು ಮೇಸ್ತ್ರಿ, ಮುಗಿದುಹೋಗ್ತದ ಎಂದರು. ನನಗೂ ಅದೇ ಸರಿ ಎನಿಸಿತು. ನನ್ನ ಕೀಲಿ ತೆಗೆದೆ. ಅವರ ಕೀಲಿಗೆ ಉಳಿ ಹಚ್ಚಿ ಸುತ್ತಿಗೆ ಎತ್ತಿದೆ. ಸತ್ಯ ಹೇಳಬೇಕೆಂದರೆ ಆ ಕ್ಷಣ ನನಗೆ ಖುಷಿಯೇ ಆಗಿತ್ತು. ಐದು ವರ್ಷದಿಂದ ಒಡೆಯಬೇಕು ಎಂದಿದ್ದ ಕೀಲಿ ಅದು.

"ತಡಿಯಪಾ" ಎಂಬ ಮಾತು ಕೇಳಿತು. ಪ್ರಕಾಶನ ಅಜ್ಜಿ ರಾಹೇಲಮ್ಮ ಕೋಲೂರಿಕೊಂಡು ಮೆಟ್ಟಿಲ ತನಕ ಬಂದಿದ್ದರು. ಎಂಬತ್ತರ ಹತ್ತಿರದ ಮುದುಕಿ. ಹಿಂದೆ ಚಿಂಚೋಳಿ ತಾಲ್ಲೂಕಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಹೆಂಗಸರಿಗೆ ಯೇಸುವಿನ ಕಥೆ ಹೇಳುತ್ತಿದ್ದವರು. ಓದು ಬಾರದು, ಆದರೆ ಕೇಳಿದ್ದೆಲ್ಲ ನೆನಪು.

ಆ ಕೀಲಿ ಯಾರದು ಎಂದು ಕೇಳಿದರು. ಹೊಳಿ ಮಂದಿಯದು ಎಂದೆ. ಇವತ್ತು ಮದುವೆ ಇದೆ ಎಂದು ಅವರಿಗೆ ಹೇಳಿದ್ದೆಯಾ ಎಂದರು. ಬೀಗರು, ನೆಂಟರು, ಅಯ್ಯನವರು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ, "ಇಲ್ರಿ ಅಮ್ಮಾ, ನಾನು ಹೇಳಿಲ್ಲ" ಎಂದೆ. ಅಷ್ಟು ಜನರ ಮುಂದೆ ಅಷ್ಟು ಚಿಕ್ಕ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

ಮುದುಕಿ ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಳಿತುಕೊಂಡು ಸೆರಗಿನಿಂದ ಗಾಳಿ ಹಾಕಿಕೊಂಡರು. ಆಮೇಲೆ ಹೇಳಿದರು: "ನನಗ ದೀಕ್ಷಾ ಕೊಟ್ಟವರು ಯಾರಂತ ನೆನಪಿಲ್ಲಪಾ. ತಂಬಿಗಿ ನೀರೋ ಹೊಳಿ ನೀರೋ ಅದೂ ಮರ್ತೀನಿ. ಯಾರ ಹೆಸರಿಲೆ ಕೊಟ್ರು, ಅದು ನೆನಪದ. ಅವರಿಗೂ ಅದೇ ಹೆಸರಿಲೆ ಕೊಟ್ಟಾರಲ್ಲ? ನಿಮ್ಮ ಸಲುವಾಗಿ ಪೌಲನೇನು ಶಿಲುಬಿ ಏರಿದ್ನಾ ಅಂತ ಅವನೇ ಕೇಳ್ಯಾನ. ಉಣ್ಣಾಕ ಕೂಡಿದಾಗ ಒಬ್ಬರಿಗೊಬ್ಬರು ಕಾಯ್ರಿ ಅಂತನೂ ಹೇಳ್ಯಾನ. ಕಾಯೋಣು."

ಆ ಎರಡು ಮಾತೂ ಪೌಲನು ಕೊರಿಂಥ ಎಂಬ ಊರಿನವರಿಗೆ ಬರೆದ ಒಂದೇ ಪತ್ರದವು. ನಾನು ಎಷ್ಟು ಸಲ ಓದಿದ್ದೆ! ಅದು ಕೊರಿಂಥದವರ ಜಗಳ ಎಂದುಕೊಂಡೇ ಓದಿದ್ದೆ. ವಾಡಿಯ ಹೆಸರು ಅದರಲ್ಲಿ ಇರಲಿಲ್ಲವಲ್ಲ.

ರಾಹೇಲಮ್ಮ ದೊಡ್ಡಪ್ಪನ ಕಡೆ ತಿರುಗಿ, ಸೊಸೆಯನ್ನು ಕರೆದುಕೊಂಡೇ ಲಾರಿ ಹತ್ತುವುದು, ಅಲ್ಲಿಯವರೆಗೆ ತಾನು ಏಳುವುದಿಲ್ಲ ಎಂದರು. ದೊಡ್ಡಪ್ಪ ಗಡಿಯಾರ ನೋಡಿ, ತಾಯಿಯ ಮುಖ ನೋಡಿ ಅಲ್ಲೇ ಪಕ್ಕದಲ್ಲಿ ಕುಳಿತರು. ನಾನು ಸುತ್ತಿಗೆ ಕೆಳಗಿಟ್ಟೆ.

ಮೂರು ಗಂಟೆಗೆ ಸ್ಟೇಷನ್ನಿಗೆ ಹೋದೆ. ಪ್ಯಾಸೆಂಜರ್ ಅರ್ಧ ಗಂಟೆ ಲೇಟು. ಆ ಅರ್ಧ ಗಂಟೆ ನಾನು ಮಾಡಿದಷ್ಟು ಪ್ರಾರ್ಥನೆಯನ್ನು ಐದು ವರ್ಷದ ಭಾನುವಾರಗಳಲ್ಲೂ ಮಾಡಿರಲಿಕ್ಕಿಲ್ಲ. ಗಾಡಿ ಬಂತು. ಕೊನೆಯ ಡಬ್ಬಿಯಿಂದ ಗಾರ್ಡ್ ಕೈ ಚಾಚಿ ಒಂದು ಕರವಸ್ತ್ರದ ಗಂಟು ಕೊಟ್ಟರು. ಬಿಚ್ಚಿದರೆ ಒಳಗೆ ಕೀಲಿಕೈ. ಚೀಟಿ ಇಲ್ಲ, ಮಾತಿಲ್ಲ. ಹೋದ ಜೀವ ಬಂದಂತಾಯಿತು. ಐವತ್ತು ವರ್ಷದ ಮನುಷ್ಯ ಹಳಿ ದಾಟಿ ಓಡಿದೆ, ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು.

ನಾಲ್ಕೂವರೆಗೆ ಮದುವೆ ಆಯಿತು. ಕಸ ಗುಡಿಸುವುದಕ್ಕೆ, ಕಾಗದದ ತೋರಣ ಕಟ್ಟುವುದಕ್ಕೆ ಯಾರಿಗೂ ವ್ಯವಧಾನ ಇರಲಿಲ್ಲ. ಬೆಂಚಿನ ಧೂಳನ್ನು ಹೊಸ ಸೀರೆಯವರೇ ಸೆರಗಿನಿಂದ ಒರೆಸಿ ಕುಳಿತರು. ಶಾಂತಮ್ಮ ಎಲ್ಲರ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. ನನ್ನ ಹೆಂಡತಿ ಎದ್ದು ಹೋಗಿ ಕೈ ಹಿಡಿದು ತಂದು ತನ್ನ ಪಕ್ಕ ಕೂರಿಸಿಕೊಂಡಳು. ಸುಗುಣಾ ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ನಾನು ಕಣ್ಣೊರೆಸಿಕೊಂಡೆ. ದೊಡ್ಡಪ್ಪ ನನ್ನ ಭುಜ ತಟ್ಟಿ, ಆದದ್ದು ಆಯಿತು ಬಿಡಿ ಬೀಗರೆ ಎಂದರು. ಆ ದಿನ ಅವರು ನನ್ನನ್ನು ಬೀಗರೆ ಎಂದದ್ದು ಅದೇ ಮೊದಲು.

ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ ಊಟ ಶುರುವಾದಾಗ ಇನ್ನೂ ಬೆಳಕಿತ್ತು. ಬೀಗರ ಪಂಕ್ತಿ ಎದ್ದಿತು, ನೆಂಟರ ಪಂಕ್ತಿ ಎದ್ದಿತು. ನನಗೆ ಮಾತ್ರ ಉಣ್ಣುವ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಸಾಮುವೇಲಪ್ಪನವರು ಬರುವುದು ಕಂಡಿತು. ಡ್ಯೂಟಿ ಮುಗಿಸಿ ತಮ್ಮ ಮನೆಯ ಒಳಗೂ ಹೋಗದೆ ಅದನ್ನು ದಾಟಿ ನೇರ ಬಂದಿದ್ದರು. ಬಿಳಿ ಡ್ರೆಸ್ಸಿನ ತುಂಬ ಕಲ್ಲಿದ್ದಲ ಮಸಿ. ಚಪ್ಪರದ ಹೊರಗೇ ನಿಂತರು. ಕರೆಯದ ಮನೆಗೆ ಹೇಗೆ ಬರುತ್ತಾರೆ? ನಾನೇ ಹೋದೆ. ಐದು ವರ್ಷದಿಂದ ಮಾತಾಡದ ಬಾಯಿ ಅದು. ಉಣ್ಣಾಕ ಬರ್ರಿ ಎಂದೆ. ಕೈ ತೊಳೆಯಲು ನೀರು ಕೊಟ್ಟೆ. ಇಬ್ಬರೂ ಎದುರುಬದುರು ಕುಳಿತೆವು.

ಎರಡು ತುತ್ತು ಉಂಡಮೇಲೆ, ನನ್ನದು ತಪ್ಪಾಯಿತು, ಮೊದಲೇ ಬಂದು ಹೇಳಿದ್ದರೆ ನಿಮಗೆ ಈ ತ್ರಾಸು ಇರುತ್ತಿರಲಿಲ್ಲ ಎಂದೆ. ಅವರು ಎಲೆಯನ್ನೇ ನೋಡುತ್ತ ಹೇಳಿದರು:

"ಮದುವಿ ತಾರೀಖು ನನಗ ಗೊತ್ತಿತ್ತು ಅಣ್ಣಾ. ಇವತ್ತಿಗಂತ ರಜಾ ಬರ್ದು ಕೊಟ್ಟಿದ್ದೆ. ನಿನ್ನಿ ಸಂಜೀತನಕ ಕಟ್ಟಿ ಮ್ಯಾಲ ಕುಂತು ನಿಮ್ಮ ದಾರಿ ನೋಡಿದೆ. ಸುಗುಣಾನ ಮದುವಿ ಬಾಜಾ ಮನ್ಯಾಗ ಕುಂತು ಕೇಳೋದು ನನ್ನಿಂದ ಆಗ್ತಿದ್ದಿಲ್ಲ. ಅದಕ್ಕ ರಜಾ ಹಿಂದಕ್ಕ ತಗೊಂಡು ಡ್ಯೂಟಿಗೆ ಹೋದೆ. ಮಂದಿರದ ಕೀಲಿಕೈ ನನ್ನ ಗೊಂಚಲದಾಗ ಉಳಿದದ ಅನ್ನೋದು ಫೋನು ಬಂದಮ್ಯಾಲೇ ನೆನಪಾತು."

ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟೆ. ನಾನು ಅವರನ್ನು ಕರೆಯಬಾರದೆಂದು ಮಾಡಿದ ಉಪಾಯವೇ ನನ್ನ ಮಗಳ ಮದುವೆಗೆ ಅಡ್ಡ ಬಂದಿತ್ತು. ಅವರು ಕೋಪದಿಂದ ಕೀಲಿಕೈ ಒಯ್ದಿದ್ದಾರೆ ಎಂದು ಮುಂಜಾನೆಯಿಂದ ಮನಸ್ಸಿನಲ್ಲೇ ಬೈದಿದ್ದೆ. ಸುಗುಣಾ ಬಂದು ಅವರ ಕಾಲಿಗೆ ನಮಸ್ಕರಿಸಿದಾಗ ಅವರು ಮಸಿ ಕೈ ಹಿಂದಕ್ಕೆಳೆದುಕೊಂಡರು. ಅವಳು ಬಿಡಲಿಲ್ಲ, ತಾನೇ ಆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು.

ಆಮೇಲೆ ನಾವು ಒಂದೇ ಸಭೆಯಾದೆವು ಎಂದು ಸುಳ್ಳು ಹೇಳುವುದಿಲ್ಲ. ಅವರು ಹೊಳೆಗೆ ಹೋಗುವುದು ಬಿಡಲಿಲ್ಲ, ನಾವು ತಂಬಿಗೆ ಬಿಡಲಿಲ್ಲ. ಅವರಿಗೆ ವರ್ಗವಾಗಿ ಹೋಗುವವರೆಗೆ ನೀರಿನ ವಿಷಯದಲ್ಲಿ ಇಬ್ಬರೂ ವಾದ ಮಾಡುತ್ತಲೇ ಇದ್ದೆವು. ಆದರೆ ಅವರ ಮನೆಯ ಚಹಾ ಕುಡಿಯುತ್ತ ವಾದ ಮಾಡಿದೆವು. ತಿಂಗಳ ಮೊದಲ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಮಾತ್ರ ಎರಡೂ ಪಾಳಿಯವರು ಒಟ್ಟಿಗೆ ಸೇರತೊಡಗಿದರು.

ಮಗಳ ಮದುವೆ ನಿಲ್ಲಲಿಲ್ಲವಲ್ಲ ಎಂಬ ನೆಮ್ಮದಿ ಇಂದಿಗೂ ಇದೆ. ಸುತ್ತಿಗೆಯ ಆ ಒಂದು ಪೆಟ್ಟು ಬಿದ್ದಿದ್ದರೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಗೂ ಅವರ ಮನೆಗೂ ನೂರು ಹೆಜ್ಜೆ. ಆ ಬುಧವಾರ ಸಂಜೆ ನಾನು ನಡೆಯದ ಆ ನೂರು ಹೆಜ್ಜೆಯನ್ನು ಮಾರನೆಯ ದಿನ ದಣಿದು ಬಂದ ಆ ಮನುಷ್ಯ ನಡೆದರು. ಅದಕ್ಕಾಗಿ ನನಗೆ ಈಗಲೂ ನಾಚಿಕೆ, ಅದರಿಂದಲೇ ಈಗಲೂ ಮನಸ್ಸು ಹಗುರ.