ಅಂಕಿಗಳಿರುವ ಬಿಳಿ ಡಯಲ್

ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿಯವರು ಯಾವ ವಾಚು ಬಿಚ್ಚುವಾಗಲೂ ಎದುರಿಗಿದ್ದವರಿಗೆ, "ಉಸಿರು ಹಿಡ್ಕಳ್ರಿ, ಧೂಳು ಬೀಳ್ತೈತೆ" ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಮೇಷ್ಟ್ರ ಕೆಲಸ ಸಿಕ್ಕಮೇಲೆ ಆಸೆಪಟ್ಟು ದುಬಾರಿ ವಾಚು ಕೊಂಡೆ. ಅದರ ನೀಲಿ ಡಯಲ್ ಮೇಲೆ ಅಂಕಿಗಳಿರಲಿಲ್ಲ, ಬರೀ ಗೆರೆಗಳು. ಕುರಿ ಕಾಯ್ದು ನನ್ನನ್ನು ಓದಿಸಿದ ಅವ್ವ ಆಗಷ್ಟೇ ನನ್ನಿಂದ ಅಂಕಿ ಕಲಿತಿದ್ದಳು. "ನಿನ್ ವಾಚು ನಂಗೆ ಓದಾಕೆ ಬರಲ್ಲ ಬಿಡಪ್ಪ" ಅಂದಳು.

ಅಂಕಿಗಳಿರುವ ಬಿಳಿ ಡಯಲ್ ಹಾಕಿಕೊಡಿ ಎಂದಾಗ ರಿಪೇರಿಯವರು ನನ್ನನ್ನೇ ನೋಡಿದರು. "ಕಂಪನಿ ಡಯಲ್ ತೆಗುದ್ರೆ ವಾಚಿನ ಬೆಲೆ ಬಿದ್ದೋಗ್ತೈತೆ ಮೇಷ್ಟ್ರೇ."

"ಬೀಳ್ಲಿ ಬಿಡ್ರಿ. ಅವ್ವ ಓದ್ಬೇಕು."

ಮತ್ತೇನೂ ಕೇಳದೆ ಅಳತೆಗೆ ಹೊಂದುವ ಡಯಲ್ ತರಿಸಿದರು. ಅದನ್ನು ಕೂರಿಸುವ ದಿನ ಅವ್ವನೂ ಬಂದಳು. "ಉಸಿರು ಹಿಡ್ಕಳ್ರಿ" ಅಂದದ್ದೇ ತಡ, ಸೆರಗಿನಿಂದ ಮೂಗು, ಬಾಯಿ ಮುಚ್ಚಿಕೊಂಡಳು. ಅವರು ಮುಳ್ಳು ಕೂರಿಸಿ, ಟೈಮ್ ಸರಿಮಾಡಿ, ವಾಚನ್ನು ನನಗೆ ಕೊಡದೆ ಅವಳ ಮುಂದೆ ಹಿಡಿದರು.

"ಇನ್ನು ಉಸಿರು ಬಿಡವ್ವಾ. ಎಷ್ಟಾತು ಹೇಳು?"

ಅವ್ವ ಐದು, ಹತ್ತು ಎಂದು ಬೆರಳಲ್ಲಿ ಎಣಿಸಿದಳು. "ಹನ್ನೊಂದೂ ಹತ್ತು."

ಅವರು ಎದ್ದುಹೋಗಿ, ಅಂಗಡಿಯಲ್ಲಿ ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು, ಅವ್ವ ಹೇಳಿದ ಹೊತ್ತನ್ನೇ ಇಟ್ಟರು.